ಪಾಲಿಥೀನ್ ತಯಾರಿಕೆಗೆ ಹೊಸ ದಾರಿ ತೋರಿದ ರಸಾಯನ ವಿಜ್ಞಾನಿ ಕಾರ್ಲ್ ಜೀಗ್ಲರ್ (1898–1973)

ಸಾರ್ವಜನಿಕರು ನಿತ್ಯ ಬಳಸುವ ಹಾಲಿನ ಪೊಟ್ಟಣ, ಛಾವಣಿಯ ಮೇಲಿನ ನೀರಿನ ಟ್ಯಾಂಕ್, ಹನಿ ನೀರಾವರಿಯ ಕಪ್ಪು ಕೊಳವೆ ಇವೆಲ್ಲವೂ ಬಹುಪಾಲು ಪಾಲಿಎಥಿಲೀನ್ ಎಂಬ ವಸ್ತುವಿನಿಂದ ತಯಾರಾಗುತ್ತವೆ. ಎಥಿಲೀನ್ ಅನಿಲದ ಅಣುಗಳು ಸರಪಳಿಯಂತೆ ಒಂದಕ್ಕೊಂದು ಬೆಸೆದುಕೊಂಡಾಗ ಈ ವಸ್ತು ದೊರೆಯುತ್ತದೆ. ಈ ಬೆಸುಗೆಯನ್ನು ಸಾಮಾನ್ಯ ಒತ್ತಡದಲ್ಲಿಯೇ ಸಾಧಿಸಬಹುದೆಂದು ತೋರಿಸಿಕೊಟ್ಟವರು ಜರ್ಮನಿಯ ರಸಾಯನ ವಿಜ್ಞಾನಿ ಕಾರ್ಲ್ ಜೀಗ್ಲರ್.

ಜೀಗ್ಲರ್ ಅವರು 1898ರ ನವೆಂಬರ್ 26ರಂದು ಕಾಸೆಲ್ ನಗರದ ಸಮೀಪದ ಹೆಲ್ಸಾ ಗ್ರಾಮದಲ್ಲಿ ಜನಿಸಿದರು. ತಂದೆ ಲೂಥರನ್ ಪಂಥದ ಪಾದ್ರಿ. ಬಾಲ್ಯದಲ್ಲಿಯೇ ಮನೆಯಲ್ಲಿ ಪ್ರಯೋಗಗಳನ್ನು ನಡೆಸುತ್ತಿದ್ದ ಇವರು ಮಾರ್‌ಬುರ್ಗ್ ವಿಶ್ವವಿದ್ಯಾಲಯಕ್ಕೆ ಸೇರುವ ವೇಳೆಗೆ ಎಷ್ಟು ಕಲಿತಿದ್ದರೆಂದರೆ, ಮೊದಲ ವರ್ಷದ ಪಾಠಗಳಿಂದ ಇವರಿಗೆ ವಿನಾಯಿತಿ ದೊರೆಯಿತು. 1920ರಲ್ಲಿ ಡಾಕ್ಟರೇಟ್ ಪಡೆದರು. 1922ರಲ್ಲಿ ಮರಿಯಾ ಅವರನ್ನು ವಿವಾಹವಾದರು. ಮುಂದೆ ಹೈಡೆಲ್‌ಬರ್ಗ್‌ನಲ್ಲಿಯೂ 1936ರಿಂದ ಹಾಲೆಯಲ್ಲಿಯೂ ಅಧ್ಯಾಪನ ನಡೆಸಿದರು.

1943ರಲ್ಲಿ ಮ್ಯೂಲ್‌ಹೈಮ್ ನಗರದ ಕಲ್ಲಿದ್ದಲು ಸಂಶೋಧನಾ ಸಂಸ್ಥೆಯ ನಿರ್ದೇಶಕ ಹುದ್ದೆ ಇವರಿಗೆ ಒದಗಿತು. ಕಲ್ಲಿದ್ದಲಿಗೆ ಸಂಬಂಧವಿರಲಿ ಇಲ್ಲದಿರಲಿ, ತಮಗೆ ಸೂಕ್ತವೆನಿಸಿದ ವಿಷಯದಲ್ಲಿ ಸಂಶೋಧನೆ ನಡೆಸಲು ಪೂರ್ಣ ಸ್ವಾತಂತ್ರ್ಯವಿರಬೇಕೆಂಬ ಷರತ್ತನ್ನು ವಿಧಿಸಿಯೇ ಇವರು ಆ ಹುದ್ದೆಯನ್ನು ಒಪ್ಪಿಕೊಂಡರು. ಯುದ್ಧಕಾಲದಲ್ಲಿ ಇಂತಹ ಷರತ್ತು ಸಾಮಾನ್ಯವಾದುದಲ್ಲ. ಆದರೆ ಮುಂದಿನ ಸಾಧನೆಗೆ ಅದೇ ಆಧಾರವಾಯಿತು.

ಆ ವೇಳೆಗೆ ಪಾಲಿಎಥಿಲೀನ್ ಹೊಸ ವಸ್ತುವೇನೂ ಆಗಿರಲಿಲ್ಲ. ಇಂಗ್ಲೆಂಡಿನಲ್ಲಿ 1933ರಲ್ಲಿಯೇ ಅದು ಆಕಸ್ಮಿಕವಾಗಿ ದೊರೆತಿತ್ತು. ಆದರೆ ತಯಾರಿಕೆಗೆ ವಾಯುಮಂಡಲದ ಒತ್ತಡಕ್ಕಿಂತ ಸಾವಿರ ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚಿನ ಒತ್ತಡ ಬೇಕಾಗುತ್ತಿತ್ತು. ಜೀಗ್ಲರ್ ಅವರು ಆಗ ಅಲ್ಯುಮಿನಿಯಂನ ಸಾವಯವ ಸಂಯುಕ್ತಗಳನ್ನು ಬಳಸಿ ಎಥಿಲೀನ್ ಸರಪಳಿಯನ್ನು ಬೆಳೆಸುವ ಪ್ರಯತ್ನದಲ್ಲಿದ್ದರು. 1953ರಲ್ಲಿ ಶಿಷ್ಯ ಹೋಲ್ಟ್ಸ್‌ಕಾಂಪ್ ನಡೆಸಿದ ಒಂದು ಪ್ರಯೋಗದಲ್ಲಿ ಸರಪಳಿ ಬೆಳೆಯದೆ ಆರಂಭದಲ್ಲಿಯೇ ತುಂಡಾಯಿತು. ಪಾತ್ರೆಯಲ್ಲಿ ಉಳಿದಿದ್ದ ನಿಕ್ಕಲ್‌ನ ಅತ್ಯಲ್ಪ ಅಂಶವೇ ಇದಕ್ಕೆ ಕಾರಣವೆಂದು ಪರಿಶೀಲನೆಯಿಂದ ತಿಳಿದುಬಂದಿತು. ಪಾತ್ರೆಯನ್ನು ಚೆನ್ನಾಗಿ ತೊಳೆದು ಮುಂದೆ ಸಾಗಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಜೀಗ್ಲರ್ ಹಾಗೆ ಮಾಡದೆ, ಇತರ ಲೋಹಗಳು ಏನು ಮಾಡುತ್ತವೆ ಎಂಬುದನ್ನು ಒಂದೊಂದಾಗಿ ಪರೀಕ್ಷಿಸಲು ಸೂಚಿಸಿದರು. ಬ್ರೈಲ್ ಎಂಬ ಶಿಷ್ಯ ಜಿರ್ಕೋನಿಯಂ ಸಂಯುಕ್ತವನ್ನು ಸೇರಿಸಿದಾಗ ಪಾತ್ರೆಯ ತುಂಬ ಬಿಳಿಯ ಪಾಲಿಎಥಿಲೀನ್ ದೊರೆಯಿತು. ಮಾರ್ಟಿನ್ ಎಂಬ ಸಹೋದ್ಯೋಗಿ ಟೈಟಾನಿಯಂ ಟೆಟ್ರಾಕ್ಲೋರೈಡ್ ಬಳಸಿದಾಗ ಒತ್ತಡದ ಅಗತ್ಯವೇ ಇಲ್ಲವಾಯಿತು. ಸಾಮಾನ್ಯ ಗಾಜಿನ ಜಾಡಿಯಲ್ಲಿಯೇ ಕ್ರಿಯೆ ನಡೆಯಿತು.

ಒತ್ತಡದ ಸಮಸ್ಯೆ ನೀಗಿದ ಮೇಲೂ ಶಾಖದ ಸಮಸ್ಯೆ ಉಳಿಯಿತು. ಒಂದು ಕಿಲೋಗ್ರಾಂ ಎಥಿಲೀನ್ ಸರಪಳಿಯಾಗಿ ಬೆಸೆಯುವಾಗ ಸುಮಾರು 3,400 ಕಿಲೋಜೂಲ್ ಶಾಖ ಹೊರಬೀಳುತ್ತದೆ. ಇದು 11 ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಸಾಕಾಗುವಷ್ಟು. ಜಾಡಿಯಲ್ಲಿ ಅದನ್ನು ತಣಿಸುವುದು ಸುಲಭ. ಗಂಟೆಗೆ ಹಲವು ಟನ್ ತಯಾರಿಸುವ ಕಾರ್ಖಾನೆಯಲ್ಲಿ ಹಾಗಲ್ಲ. ಜೊತೆಗೆ, ವೇಗವರ್ಧಕದ ಅಂಗವಾದ ಟ್ರೈಎಥಿಲ್ ಅಲ್ಯುಮಿನಿಯಂ ಗಾಳಿ ಸೋಕಿದೊಡನೆ ಹೊತ್ತಿಕೊಳ್ಳುವ ದ್ರವ. ಆದ್ದರಿಂದ ಮೊದಲ ಕಾರ್ಖಾನೆಗಳಲ್ಲಿ ದ್ರವರೂಪದ ಹೈಡ್ರೋಕಾರ್ಬನ್‌ನಲ್ಲಿ ಕ್ರಿಯೆ ನಡೆಸಿ, ಆ ದ್ರವದ ಮೂಲಕ ಶಾಖವನ್ನು ಹೊರತೆಗೆಯಲಾಗುತ್ತಿತ್ತು.

1963ರಲ್ಲಿ ಜೀಗ್ಲರ್ ಅವರಿಗೆ ಇಟಲಿಯ ಜೂಲಿಯೋ ನಟ್ಟಾ ಅವರೊಂದಿಗೆ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ಇದೇ ಬಗೆಯ ವೇಗವರ್ಧಕದಿಂದ ನಟ್ಟಾ ಅವರು 1954ರಲ್ಲಿ ಪಾಲಿಪ್ರೊಪಿಲೀನ್ ತಯಾರಿಸಿದ್ದರು. ಜೀಗ್ಲರ್ ಅವರಿಗೆ ಅದು ತಡವಾಗಿ ತಿಳಿದದ್ದರಿಂದ ಇಬ್ಬರ ಸ್ನೇಹಕ್ಕೆ ಧಕ್ಕೆಯಾಗಿತ್ತು.

1968ರಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಸಂಸ್ಥೆ ಟೆಕ್ಸಾಸ್‌ನ ಸೀಡ್ರಿಫ್ಟ್‌ನಲ್ಲಿ ದ್ರವವನ್ನೇ ಬಳಸದ, ಅನಿಲ ಸ್ಥಿತಿಯ ರಿಯಾಕ್ಟರನ್ನು ಆರಂಭಿಸಿತು. ಅಲ್ಲಿ ಮೊದಲು ಬಳಸಿದ್ದು ಕ್ರೋಮಿಯಂ ವೇಗವರ್ಧಕ. ಟೈಟಾನಿಯಂ ಆಧಾರಿತ ವೇಗವರ್ಧಕಗಳು ಅನಂತರ ಬಂದವು. ಇಂತಹ ರಿಯಾಕ್ಟರಿನಲ್ಲಿ ಕೆಳಗಿನಿಂದ ನುಗ್ಗುವ ಅನಿಲ ಪಾಲಿಮರ್ ಪುಡಿಯನ್ನು ಕುದಿಯುವ ನೀರಿನಂತೆ ಮೇಲೆತ್ತಿ ಆಡಿಸುತ್ತದೆ. ಒಂದು ಸುತ್ತಿನಲ್ಲಿ ಅನಿಲದ ಅಲ್ಪಭಾಗ ಮಾತ್ರ ಪಾಲಿಮರ್ ಆಗುತ್ತದೆ. ಉಳಿದದ್ದು ಶಾಖವನ್ನು ಹೊತ್ತು ಮೇಲಿನಿಂದ ಹೊರಬಂದು, ತಣಿದು, ಮತ್ತೆ ಕೆಳಗಿನಿಂದ ಒಳಸೇರುತ್ತದೆ. ಆದರೆ ಅನಿಲ ಶಾಖವನ್ನು ಹೊರುವುದು ಬಹಳ ಕಡಿಮೆ. ತಣಿಸುವಿಕೆ ಸ್ವಲ್ಪ ಹಿಂದೆ ಬಿದ್ದರೂ ಉಷ್ಣತೆ ಏರುತ್ತದೆ. ಉಷ್ಣತೆ ಏರಿದಂತೆ ಕ್ರಿಯೆ ಚುರುಕಾಗಿ ಇನ್ನಷ್ಟು ಶಾಖ ಹುಟ್ಟುತ್ತದೆ. ಆಗ ಪುಡಿ ಮೆದುವಾಗಿ ಗಡ್ಡೆಕಟ್ಟುತ್ತದೆ. ಸ್ಥಿರವಿದ್ಯುತ್ತಿನಿಂದ ಗೋಡೆಗೆ ಅಂಟಿದ ಪುಡಿ ಕರಗಿ ಹಾಳೆಯಂತಾಗುವುದೂ ಉಂಟು. ಅಂತಹ ಸಂದರ್ಭದಲ್ಲಿ ಘಟಕವನ್ನೇ ನಿಲ್ಲಿಸಬೇಕಾಗುತ್ತದೆ. ತುರ್ತಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಹಾಯಿಸಿ ವೇಗವರ್ಧಕವನ್ನು ನಿಷ್ಕ್ರಿಯಗೊಳಿಸಲಾಗುತ್ತದೆ.

ಇದೇ 1968ರಲ್ಲಿ, ಎಪ್ಪತ್ತನೆಯ ಹುಟ್ಟುಹಬ್ಬದ ಸಂದರ್ಭದಲ್ಲಿ, ಪೇಟೆಂಟುಗಳಿಂದ ಬಂದ ಹಣದಲ್ಲಿ ಸುಮಾರು 4 ಕೋಟಿ ಮಾರ್ಕ್‌ಗಳ ನಿಧಿಯನ್ನು ಜೀಗ್ಲರ್ ಅವರು ತಮ್ಮ ಸಂಸ್ಥೆಯ ಸಂಶೋಧನೆಗಾಗಿ ಸ್ಥಾಪಿಸಿದರು. ದಂಪತಿಗಳು ಸಂಗ್ರಹಿಸಿದ್ದ ವರ್ಣಚಿತ್ರಗಳು ಮುಂದೆ ಮ್ಯೂಲ್‌ಹೈಮ್ ನಗರದ ವಸ್ತುಸಂಗ್ರಹಾಲಯಕ್ಕೆ ಸೇರಿದವು. 1973ರ ಆಗಸ್ಟ್‌ನಲ್ಲಿ ಜೀಗ್ಲರ್ ಅದೇ ನಗರದಲ್ಲಿ ನಿಧನರಾದರು.

ಶಾಖದ ಸಮಸ್ಯೆಗೆ ಉತ್ತಮ ಪರಿಹಾರ ದೊರೆತದ್ದು 1980ರ ದಶಕದಲ್ಲಿ. ಹಿಂದಿರುಗುವ ಅನಿಲದ ಒಂದಂಶ ದ್ರವವಾಗುವವರೆಗೆ ಅದನ್ನು ತಣಿಸಿ ಒಳಬಿಟ್ಟರೆ, ಆ ಹನಿಗಳು ಬಿಸಿ ಪುಡಿಯ ನಡುವೆ ಆವಿಯಾಗುತ್ತ ಹೆಚ್ಚಿನ ಶಾಖವನ್ನು ಹೀರುತ್ತವೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಆವಿಯಾಗುವಿಕೆಯಿಂದಲೇ. ಇದರಿಂದ ಅದೇ ಗಾತ್ರದ ರಿಯಾಕ್ಟರಿನ ಉತ್ಪಾದನೆ ಗಣನೀಯವಾಗಿ ಹೆಚ್ಚಿತು.

ಕರ್ನಾಟಕದಲ್ಲಿ, ಮಂಗಳೂರಿನ ತೈಲ ಶುದ್ಧೀಕರಣ ಸಂಕೀರ್ಣದಲ್ಲಿ 2015ರಲ್ಲಿ ಆರಂಭವಾದ ಪಾಲಿಪ್ರೊಪಿಲೀನ್ ಘಟಕವೂ ಅನಿಲ ಸ್ಥಿತಿಯ ವಿಧಾನದ್ದೇ. ಅಲ್ಲಿ ಪುಡಿಯನ್ನು ಆಡಿಸುವುದು ಅನಿಲವಲ್ಲ, ಸುರುಳಿಯಾಕಾರದ ಕಡೆಗೋಲು. ಒಳಬಿಟ್ಟ ದ್ರವ ಪ್ರೊಪಿಲೀನ್ ಆವಿಯಾಗಿ ಶಾಖವನ್ನು ಹೊರಗೊಯ್ಯುತ್ತದೆ. ಹೊರಗೆ ಮತ್ತೆ ದ್ರವವಾಗಿ ಒಳಗೆ ಹಿಂದಿರುಗುತ್ತದೆ.