ಮೂಲೆಗುಂಪಾಗಿದ್ದ ಪಿಂಗಾಣಿಗೆ ಬಣ್ಣ ತಂದ ಕ್ಲಾರಿಸ್ ಕ್ಲಿಫ್

ಹಳೆಯ ಪಿಂಗಾಣಿಯ ಸಂಗ್ರಾಹಕರು ಕಪ್ಪು ಕೈಗೆ ಸಿಕ್ಕೊಡನೆ ಬುಡ ತಿರುವಿ ಮುದ್ರೆ ನೋಡುತ್ತಾರೆ. ಅಲ್ಲಿ ಕ್ಲಾರಿಸ್ ಕ್ಲಿಫ್ ಎಂಬ ಹೆಸರು ಕಂಡರೆ ಅವರ ಕಣ್ಣು ಅರಳುತ್ತದೆ. ಕಾರ್ಖಾನೆಯ ಹೆಣ್ಣುಮಗಳೊಬ್ಬಳ ಹೆಸರು ಸರಕಿನ ಮೇಲೆ ಅಚ್ಚಾಗುವುದು ಆಕೆಯ ಕಾಲದಲ್ಲಿ ಅಪರೂಪದ ಮಾತಾಗಿತ್ತು.

ಕ್ಲಾರಿಸ್ ಹುಟ್ಟಿದ್ದು 1899ರ ಜನವರಿ 20ರಂದು, ಇಂಗ್ಲೆಂಡಿನ ಕುಂಬಾರಿಕೆಯ ತವರಾದ ಸ್ಟೋಕ್-ಆನ್-ಟ್ರೆಂಟ್‌ನ ಟನ್‌ಸ್ಟಾಲ್‌ನಲ್ಲಿ. ತಂದೆ ಕಬ್ಬಿಣದ ಎರಕದ ಕೆಲಸಗಾರ. ಮನೆ ತುಂಬ ಮಕ್ಕಳು. ಹದಿಮೂರನೆಯ ವಯಸ್ಸಿಗೇ ಆಕೆ ಪಾತ್ರೆಗಳಿಗೆ ಚಿನ್ನದ ಗೆರೆ ಎಳೆಯುವ ಕೆಲಸಕ್ಕೆ ಸೇರಿದಳು. ಕಲಿತ ಒಂದೇ ಕಸುಬಿಗೆ ಅಂಟಿಕೊಂಡರೆ ಕೂಲಿ ಹೆಚ್ಚು. ಆದರೆ ಕ್ಲಾರಿಸ್ ಆ ಲಾಭ ಬಿಟ್ಟು ಬೇರೆ ಕಾರ್ಖಾನೆಗೆ ಹೋಗಿ ಕುಂಚದ ಕೆಲಸ ಕಲಿತಳು. ಸಂಜೆ ಕಲಾಶಾಲೆಗೂ ನಡೆದಳು.

1916ರಲ್ಲಿ ಆಕೆ ಬರ್ಸ್ಲೆಮ್‌ನ ಎ.ಜೆ. ವಿಲ್ಕಿನ್‌ಸನ್ ಕಾರ್ಖಾನೆ ಸೇರಿದಳು. ಅದರ ಮಾಲೀಕ ಕಾಲಿ ಶಾರ್ಟರ್ ಆಕೆಯ ಪ್ರತಿಭೆಯನ್ನು ಗುರುತಿಸಿದ. 1927ರಲ್ಲಿ ಪಕ್ಕದ ನ್ಯೂಪೋರ್ಟ್ ಪಾಟರಿಯಲ್ಲಿ ಆಕೆಗೊಂದು ಕೋಣೆ ದೊರೆಯಿತು. ಅಲ್ಲಿನ ಗೋದಾಮಿನಲ್ಲಿ ದೋಷವಿದ್ದ, ಮಾರಾಟವಾಗದ ಪಾತ್ರೆಗಳು ರಾಶಿ ಬಿದ್ದಿದ್ದವು. ಕ್ಲಾರಿಸ್ ಅವುಗಳ ಮೆರುಗಿನ ಮೇಲೆ ಗಾಢವರ್ಣದ ತ್ರಿಕೋನಗಳನ್ನು ಬರೆದು ದೋಷಗಳನ್ನು ಮರೆಮಾಡಿದಳು. ‘ಬಿಜಾರ್’ ಎಂಬ ಹೆಸರಿನ ಈ ಸರಕನ್ನು ಯಾರು ಕೊಂಡಾರು ಎಂದು ಮಾರಾಟಗಾರರು ಹಿಂಜರಿದರು. ಅಂಗಡಿಗೆ ಹೋದ ಮಾಲು ಹಿಂದಿರುಗಲಿಲ್ಲ.

1928ರಲ್ಲಿ ‘ಕ್ರೋಕಸ್’ ಬಂತು. ಕೆಳಗಿನಿಂದ ಮೇಲಕ್ಕೆ ಎಳೆದ ನಾಲ್ಕಾರು ಕುಂಚದ ಗೆರೆಗಳೇ ಹೂವು. ಪಾತ್ರೆಯನ್ನು ತಲೆಕೆಳಗು ಹಿಡಿದು ಎಳೆದ ತೆಳು ಗೆರೆಗಳೇ ಎಲೆ. 1929ರ ‘ಕೋನಿಕಲ್’ ಕಪ್ಪಿಗೆ ಹಿಡಿಯೂ ಬೆರಳು ತೂರದ ಗಟ್ಟಿ ತ್ರಿಕೋನ! ನೂರಕ್ಕೆ ನೂರು ಆಧುನಿಕ. ಮಹಾ ಆರ್ಥಿಕ ಕುಸಿತದ ದಿನಗಳಲ್ಲೂ ಎಳೆಯ ಹುಡುಗಿಯರ ದೊಡ್ಡ ತಂಡವೊಂದು ಕುಂಚ ಹಿಡಿದು ದುಡಿಯಿತು.

ಶಾರ್ಟರ್ ವಿವಾಹಿತನಾಗಿದ್ದುದರಿಂದ ಇಬ್ಬರ ಸ್ನೇಹ ಊರವರ ಬಾಯಿಗೆ ಬಿದ್ದಿತ್ತು. ಆತನ ಪತ್ನಿ ತೀರಿಕೊಂಡ ಬಳಿಕ 1940ರಲ್ಲಿ ಅವರು ವಿವಾಹವಾದರು. ಅಷ್ಟರಲ್ಲಿ ಯುದ್ಧ ಬಂತು. ಸ್ವದೇಶಿ ಮಾರುಕಟ್ಟೆಗೆ ಅಲಂಕಾರವಿಲ್ಲದ ಪಾತ್ರೆ ಮಾತ್ರ ಎಂಬ ಸರ್ಕಾರಿ ನಿರ್ಬಂಧ ಬಂತು. ಕುಂಚಗಳು ಒಣಗಿದವು. ಶಾಂತಿ ಮರಳಿದರೂ ಜನರ ಅಭಿರುಚಿ ಮರಳಲಿಲ್ಲ. 1963ರಲ್ಲಿ ಪತಿ ನಿಧನನಾದ. ಮರುವರ್ಷ ಕಾರ್ಖಾನೆ ಮಿಡ್‌ವಿಂಟರ್ ಸಂಸ್ಥೆಯ ಪಾಲಾಯಿತು. ಕ್ಲಾರಿಸ್ ಏಕಾಂತಕ್ಕೆ ಸರಿದಳು.

1971-72ರಲ್ಲಿ ಬ್ರೈಟನ್‌ನಲ್ಲಿ ಆಕೆಯ ಪಾತ್ರೆಗಳ ಮೊದಲ ಪ್ರದರ್ಶನ ನಡೆಯಿತು. ಕ್ಲಾರಿಸ್ ಅದರ ಕ್ಯಾಟಲಾಗ್‌ಗೆ ಟಿಪ್ಪಣಿಗಳನ್ನು ಕೊಟ್ಟಳು, ಉದ್ಘಾಟನೆಗೆ ಮಾತ್ರ ಹೋಗಲಿಲ್ಲ. 1972ರ ಅಕ್ಟೋಬರ್ 23ರಂದು ಆಕೆ ಕಣ್ಣು ಮುಚ್ಚಿದಳು. ಹತ್ತು ವರ್ಷಗಳ ನಂತರ, 1982ರಲ್ಲಿ, ಆಕೆಯ ಪಾತ್ರೆಗಳ ಸಂಗ್ರಾಹಕರು ಸಂಘವನ್ನೇ ಕಟ್ಟಿದರು. 2021ರಲ್ಲಿ ಆಕೆಯ ಬದುಕು ಚಲನಚಿತ್ರವಾಯಿತು.

ಬೆಲೆ ಏರಿದಂತೆ ನಕಲಿ ಮಾಲೂ ಮಾರುಕಟ್ಟೆಗೆ ಬಂದಿದೆ. ಆದ್ದರಿಂದ ಅನುಭವಿಗಳು ಬುಡದ ಮುದ್ರೆಯೊಂದನ್ನೇ ನಂಬುವುದಿಲ್ಲ. ಬಣ್ಣದಲ್ಲಿ ಕುಂಚದ ಗೆರೆಗಳನ್ನು ಹುಡುಕುತ್ತಾರೆ. ಗೋದಾಮಿನ ದೋಷಗಳನ್ನು ಅಂದು ಮುಚ್ಚಿದ್ದು ಆ ಗೆರೆಗಳೇ. ಅಸಲಿಗೆ ಇಂದು ಸಾಕ್ಷಿ ನುಡಿಯುವುದೂ ಅವೇ.