ವಿನಿಮಯದ ಅರ್ಥ ಬಲ್ಲ ರಾಮಾನುಜನ್

ಮಾನ್ವಿ ತಾಲ್ಲೂಕಿನ ನಮ್ಮೂರು ಕುರ್ಡಿಯ ಯುವಕನೊಬ್ಬ ಈಚೆಗೆ ಕಾಗದಪತ್ರಗಳ ಕಟ್ಟಿನೊಡನೆ ನನ್ನಲ್ಲಿಗೆ ಬಂದಿದ್ದ. ಅಮೆರಿಕದ ವಿಶ್ವವಿದ್ಯಾಲಯವೊಂದು ಅವನನ್ನು ಸಂಶೋಧನೆಗೆ ಕರೆದು, ವಿನಿಮಯ ಸಂದರ್ಶಕರ ಜೆ-1 ವೀಸಾಕ್ಕೆ ಬೇಕಾದ ಡಿಎಸ್-2019 ಪತ್ರ ಕಳುಹಿಸಿತ್ತು. ಮರಳಿ ಬರುವೆಯಾ ಎಂದು ಸಂದರ್ಶನದಲ್ಲಿ ಕೇಳಿದರೆ ಏನು ಹೇಳಲಿ ಎಂಬುದು ಅವನ ಚಿಂತೆ. ಮಗ ನಿಜಕ್ಕೂ ಮರಳುವನೇ ಎಂಬುದು ತಂದೆಯ ಚಿಂತೆ. ಇಬ್ಬರಿಗೂ ನಾನು ಎ.ಕೆ. ರಾಮಾನುಜನ್ ಅವರ ಬದುಕನ್ನು ವಿವರಿಸಿದೆ.

1929ರಲ್ಲಿ ಮೈಸೂರಿನಲ್ಲಿ ಜನಿಸಿದ ರಾಮಾನುಜನ್ ಗಣಿತ ಪ್ರಾಧ್ಯಾಪಕರ ಮಗ. ಮನೆಮಾತು ತಮಿಳು, ಬೀದಿಯ ಮಾತು ಕನ್ನಡ, ಓದಿದ್ದು ಇಂಗ್ಲಿಷ್ ಸಾಹಿತ್ಯ. ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದಾಗ ಆ ಸೀಮೆಯ ಜನಪದ ಕಥೆಗಳನ್ನು ಕೇಳಿ ಬರೆದುಕೊಂಡರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನ ಕಲಿತರು. 1959ರಲ್ಲಿ, ಮೂವತ್ತರ ಹರೆಯದಲ್ಲಿ, ಫುಲ್‌ಬ್ರೈಟ್ ಮತ್ತು ಸ್ಮಿತ್-ಮಂಟ್ ನೆರವು ಪಡೆದು ಹಡಗು ಹತ್ತಿ ಇಂಡಿಯಾನ ವಿಶ್ವವಿದ್ಯಾಲಯದತ್ತ ಹೊರಟರು. ಭಾರತ ಮತ್ತು ಅಮೆರಿಕ ಫುಲ್‌ಬ್ರೈಟ್ ಒಪ್ಪಂದಕ್ಕೆ ಸಹಿ ಹಾಕಿ ಆಗ ಒಂಬತ್ತು ವರ್ಷಗಳಾಗಿದ್ದವು. ಇಂದಿನ ಜೆ ವರ್ಗ ರೂಪುಗೊಂಡಿದ್ದು ಅನಂತರ, 1961ರ ಫುಲ್‌ಬ್ರೈಟ್-ಹೇಸ್ ಕಾಯ್ದೆಯಿಂದ.

1962ರಲ್ಲಿ ಷಿಕಾಗೋ ವಿಶ್ವವಿದ್ಯಾಲಯ ಸೇರಿದ ಅವರು 1993ರಲ್ಲಿ ನಿಧನರಾಗುವವರೆಗೂ ಅಲ್ಲಿಯೇ ಉಳಿದರು. ಇದನ್ನು ಮುಚ್ಚಿಡಬಾರದು. ಅರ್ಥಶಾಸ್ತ್ರ ಓದಿದ ನಮ್ಮ ಪೀಳಿಗೆ ಇಂಥ ನಿರ್ಗಮನಗಳನ್ನು ಪ್ರತಿಭಾ ಪಲಾಯನವೆಂದು ನಷ್ಟದ ಬಾಬತ್ತಿಗೆ ಬರೆಯುತ್ತಿತ್ತು, ನಾನೂ ಬರೆದವನೇ. ಬೆಳಗಾವಿಯ ತರಗತಿಗಳು ಒಬ್ಬ ಮೇಷ್ಟ್ರನ್ನು ಕಳೆದುಕೊಂಡದ್ದು ದಿಟ. ಆದರೆ ಜಮೆಯ ಕಡೆಯನ್ನೂ ನೋಡಬೇಕು. 1973ರಲ್ಲಿ ಪ್ರಕಟವಾದ ‘ಸ್ಪೀಕಿಂಗ್ ಆಫ್ ಶಿವ’ದ ಮೂಲಕ ಬಸವಣ್ಣ, ಅಲ್ಲಮ, ಮಹಾದೇವಿಯಕ್ಕ ಮಾತ್ರವಲ್ಲ, ನಮ್ಮ ನೆರೆಯ ಸುರಪುರ ಸೀಮೆಯ ಮುದನೂರಿನ ದಾಸಿಮಯ್ಯನೂ ಜಗತ್ತಿನ ಓದುಗರನ್ನು ತಲುಪಿದ. 1976ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಇಂಗ್ಲಿಷಿಗೆ ಹೋಯಿತು. ಷಿಕಾಗೋದಲ್ಲಿದ್ದುಕೊಂಡೇ ಅವರು ‘ಹೊಕ್ಕುಳಲ್ಲಿ ಹೂವಿಲ್ಲ’ದಿಂದ ‘ಕುಂಟೋಬಿಲ್ಲೆ’ಯವರೆಗೆ ಕನ್ನಡ ಕವನ ಸಂಕಲನಗಳನ್ನು ಕೊಟ್ಟರು.

ವಿನಿಮಯ ವೀಸಾದ ಮೇಲೆ ಹೋದ ಕೆಲವರು, ವಲಸೆಯ ಅಥವಾ ಎಚ್-1ಬಿಯಂಥ ಉದ್ಯೋಗ ವೀಸಾ ಪಡೆಯುವ ಮುನ್ನ, ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ಷರತ್ತು 1956ರಷ್ಟು ಹಳೆಯದು. ಕೌಶಲ ಪಟ್ಟಿಯ ಕಾರಣದಿಂದ ಅನೇಕ ಭಾರತೀಯರೂ ಇದಕ್ಕೆ ಒಳಪಡುತ್ತಿದ್ದರು. 2024ರ ಡಿಸೆಂಬರಿನಲ್ಲಿ ಆ ಪಟ್ಟಿಯಿಂದ ಭಾರತದ ಹೆಸರು ಹೊರಬಂದಿತು. ಸರ್ಕಾರಿ ಹಣದಲ್ಲಿ ಹೋಗುವವರಿಗೆ ಮತ್ತು ವೈದ್ಯಕೀಯ ತರಬೇತಿಗೆ ತೆರಳುವ ವೈದ್ಯರಿಗೆ ಮಾತ್ರ ಷರತ್ತು ಉಳಿದೇ ಇದೆ. ಮರಳುವ ಹೊಣೆಯನ್ನು ಕಾನೂನು ಸಡಿಲಿಸಿದಷ್ಟೂ ಅದು ಮನಸ್ಸಾಕ್ಷಿಯ ಹೆಗಲೇರುತ್ತದೆ.

ರಾಮಾನುಜನ್ ಅವರಂಥವರು ವಿರಳ. ಅಲ್ಲಿಯೇ ಉಳಿಯಲು ಅವರ ಹೆಸರನ್ನು ನೆಪವಾಗಿಸುವುದು ಸಲ್ಲದು. ಆದರೆ ಅವರು ಬರಿಗೈಯಲ್ಲಿ ಹೋಗಿರಲಿಲ್ಲ. ಬೆಳಗಾವಿಯ ಅಜ್ಜಿಯರ ಕಥೆಗಳೂ ಅವರೊಡನೆ ಹಡಗು ಹತ್ತಿದ್ದವು. ಕೊಳ್ಳುವುದಷ್ಟೇ ಆದರೆ ಅದು ವಿನಿಮಯವಲ್ಲ. ಸಂದರ್ಶನದ ಉತ್ತರವನ್ನು ಬಾಯಿಪಾಠ ಮಾಡಬೇಡ, ನಿಜವನ್ನೇ ಹೇಳು; ಅದಕ್ಕೂ ಮೊದಲು ಕುರ್ಡಿಯಿಂದ ಏನನ್ನು ಒಯ್ಯುತ್ತೀ, ಕುರ್ಡಿಗೆ ಏನನ್ನು ತರುತ್ತೀ ಎಂದು ನಿನ್ನನ್ನೇ ಕೇಳಿಕೋ ಎಂದೆ. ತಂದೆ ತಲೆದೂಗಿದರು. ಹುಡುಗ ಇನ್ನೂ ಯೋಚಿಸುತ್ತಿದ್ದಾನೆ.