ಅಜ್ಜಿ ಮಾತ್ರೆ ಡಬ್ಬಿಯಲ್ಲಿ ಸುಬ್ಬರಾವ್

ಆರ್.ಟಿ. ನಗರದಲ್ಲಿರೋ ನಮ್ಮಜ್ಜಿ ಕೀಲುವಾತಕ್ಕೆ ವಾರಕ್ಕೊಂದೇ ದಿನ ಮೆಥೊಟ್ರೆಕ್ಸೇಟ್ ಅನ್ನೋ ಮಾತ್ರೆ ತಗೊಳ್ತಾರೆ. ಅದು ಮೂಲತಃ ಕ್ಯಾನ್ಸರ್ ಔಷಧಿ ಅಂತ ಗೊತ್ತಾದಾಗ ಗಾಬರಿಯಾಯ್ತು. ಹುಡುಕ್ತಾ ಹೋದಾಗ ಸಿಕ್ಕವರು ಯಲ್ಲಾಪ್ರಗಡ ಸುಬ್ಬರಾವ್.

ಅವರು ಹುಟ್ಟಿದ್ದು 1895ರಲ್ಲಿ, ಆಂಧ್ರದ ಭೀಮವರಂನಲ್ಲಿ. ಸ್ಪ್ರೂ ಅನ್ನೋ ಕರುಳಿನ ಕಾಯಿಲೆಯಿಂದ ಅವರ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಖಾದಿ ತೊಟ್ಟಿದ್ದಕ್ಕೆ ಪ್ರೊಫೆಸರ್ ಸಿಟ್ಟಾದರು, ಎಂಬಿಬಿಎಸ್ ಬದಲು ಸಿಕ್ಕಿದ್ದು ಕೆಳಗಿನ ಎಲ್‌ಎಂಎಸ್ ಪದವಿ. (ಇಂಟರ್ನಲ್ಸ್ ಮಾರ್ಕ್ಸಿಗೆ ಗೊಣಗೋ ನಾವು ಯಾವ ಲೆಕ್ಕ!) 1923ರಲ್ಲಿ ಹೆಂಡತಿಯನ್ನು ಊರಲ್ಲೇ ಬಿಟ್ಟು ಬೋಸ್ಟನ್‌ಗೆ ಹೋದವರು ಮತ್ತೆ ಭಾರತಕ್ಕೆ ಬರಲೇ ಇಲ್ಲ. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಕೆಲಸ ಮಾಡಿದರು. ಇದು ಮಾತ್ರ ನನಗೆ ಜೀರ್ಣ ಆಗಲ್ಲ, ಆ ಹೆಂಡತಿ ಕಾದಿದ್ದೆಷ್ಟು ವರ್ಷ!

1940ರಲ್ಲಿ ಲೆಡರ್ಲೆ ಕಂಪನಿ ಸೇರಿದರು. 1945ರಲ್ಲಿ ಅವರ ತಂಡ ಫೋಲಿಕ್ ಆಸಿಡ್ ತಯಾರಿಸಿತು. ಸಹೋದರರನ್ನು ಕೊಂದ ಸ್ಪ್ರೂಗೆ ಅದೇ ಮದ್ದಾಯ್ತು. ಜೀವಕೋಶ ಎರಡಾಗೋಕೂ ಫೋಲಿಕ್ ಆಸಿಡ್ ಬೇಕು. ಹಾಗಾದ್ರೆ ಅದರಂತೇ ಕಾಣೋ ನಕಲಿ ಕೊಟ್ಟು ಕ್ಯಾನ್ಸರ್ ಕೋಶಕ್ಕೆ ಮೋಸ ಮಾಡಿದ್ರೆ? ಆ ನಕಲಿಯೇ ಅಮಿನೊಪ್ಟೆರಿನ್, ಅದರ ತಮ್ಮ ಮೆಥೊಟ್ರೆಕ್ಸೇಟ್. 1948ರಲ್ಲಿ ಡಾ. ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಇದ್ದ 16 ಮಕ್ಕಳ ವರದಿ ಕೊಟ್ಟರು. 10 ಮಕ್ಕಳು ಚೇತರಿಸಿಕೊಂಡಿದ್ದರು, ಆದರೆ ಕಾಯಿಲೆ ವಾಪಸ್ ಬರ್ತಿತ್ತು. ಒಂದೇ ಔಷಧಿ ಸಾಲಲ್ಲ ಅನ್ನೋದಕ್ಕೆ ಉತ್ತರ ಸಿಗೋ ಮೊದಲೇ, ಅದೇ ಆಗಸ್ಟ್‌ನಲ್ಲಿ ಸುಬ್ಬರಾವ್ ನಿದ್ದೆಯಲ್ಲೇ ಹೋಗಿಬಿಟ್ಟರು. ವಯಸ್ಸು 53.

1960ರಲ್ಲಿ ಮಿನ್ ಚಿಯು ಲಿ ಅನ್ನೋ ವೈದ್ಯರು ಮೆಥೊಟ್ರೆಕ್ಸೇಟ್ ಜೊತೆ ಇನ್ನೆರಡು ಔಷಧಿ ಸೇರಿಸಿ ಹರಡಿದ್ದ ವೃಷಣದ ಕ್ಯಾನ್ಸರಿಗೆ ಕೊಟ್ಟರು, ಕೆಲವರಲ್ಲಿ ಗಡ್ಡೆ ಮಾಯವಾಯ್ತು. ಈಗ ಆ ಜಾಗದಲ್ಲಿ ಸಿಸ್‌ಪ್ಲಾಟಿನ್, ಎಟೊಪೊಸೈಡ್, ಬ್ಲಿಯೋಮೈಸಿನ್ ಇವೆ. ಈ ಜೋಡಿಯಾಟದಲ್ಲಿ ಅಕ್ಕಪಕ್ಕದ ಕೋಶಗಳ ಮಾತುಕತೆಗೂ ಪಾತ್ರ ಇದೆ. ಕೋಶಗಳ ನಡುವೆ ಗ್ಯಾಪ್ ಜಂಕ್ಷನ್ ಅನ್ನೋ ಸಣ್ಣ ಸುರಂಗಗಳಿರುತ್ತವೆ. ಅವು ತೆರೆದಿದ್ದಾಗ ಸಾಯೋ ಕೋಶದ ಸಂದೇಶ ಪಕ್ಕದ್ದಕ್ಕೂ ದಾಟುತ್ತೆ. ಲ್ಯಾಬಿನಲ್ಲಿ ಬೆಳೆಸಿದ ವೃಷಣದ ಕ್ಯಾನ್ಸರ್ ಕೋಶಗಳಲ್ಲಿ ಸುರಂಗ ಮುಚ್ಚಿದ್ರೆ ಸಿಸ್‌ಪ್ಲಾಟಿನ್ ಏಟು ಕಮ್ಮಿಯಾಗುತ್ತೆ. ಅಂದ್ರೆ ಜೊತೆಗೆ ಕೊಡೋ ಎರಡನೇ ಔಷಧಿ ಸುರಂಗಕ್ಕೆ ಏನು ಮಾಡುತ್ತೆ ಅಂತಲೂ ನೋಡಬೇಕು.

ಈ ಕ್ಯಾನ್ಸರ್ ಜಾಸ್ತಿ ಬರೋದು ಯುವಕರಿಗೇ. ಬೇಗ ಗೊತ್ತಾದ್ರೆ ಬಹುಪಾಲು ವಾಸಿಯಾಗುತ್ತೆ, ಆದ್ರೆ ಹಾಸ್ಟೆಲ್ಲಿನಲ್ಲಿ ಈ ಮಾತೆತ್ತಿದ್ರೆ ಎಲ್ರೂ ನಗ್ತಾರೆ.

ಅಜ್ಜಿ ಡಬ್ಬಿಯಲ್ಲಿ ಭಾನುವಾರ ಮೆಥೊಟ್ರೆಕ್ಸೇಟ್. ಅದರ ಅಡ್ಡಪರಿಣಾಮ ತಡೆಯೋಕೆ ಸೋಮವಾರ ಫೋಲಿಕ್ ಆಸಿಡ್. ಎರಡೂ ಸುಬ್ಬರಾವ್ ತಂಡದ್ದೇ.